ಪಿಪಿಟಿ ಕೈಕೊಟ್ಟಿತಾ? ಕೊನೆಯ ಬೆಂಚಿನಿಂದ ಹುಡುಕಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಿ.ಎಡ್ ಮಕ್ಕಳ ಪ್ರಾಜೆಕ್ಟು, ಇವುಗಳ ನಡುವೆ ವಾರಕ್ಕೆ ಎರಡೋ ಮೂರೋ ಪಿಪಿಟಿ, ಅಂದರೆ ಸಭೆಯಲ್ಲಿ ಪರದೆಗೆ ಹಾಕಿ ತೋರಿಸುವ ಸ್ಲೈಡುಗಳ ಫೈಲ್, ಬರುತ್ತವೆ. ಬರುವವರ ದೂರು ಹೆಚ್ಚುಕಡಿಮೆ ಒಂದೇ. "ಪಿಪಿಟಿ ಸರಿ ಆಗ್ಲಿಲ್ಲ ಮಾರಾಯ್ರೇ, ಸ್ವಲ್ಪ ಚಂದ ಮಾಡಿ ಕೊಡಿ."

ಮೊದಮೊದಲು ನಾನೂ ಚಂದ ಮಾಡಿಯೇ ಕೊಡುತ್ತಿದ್ದೆ. ಬಣ್ಣ ಬದಲಿಸಿದೆ, ಬಾರ್ಡರ್ ಹಾಕಿದೆ, ದುಡ್ಡೂ ತಗೊಂಡೆ. ಮುಂದಿನ ತಿಂಗಳು ಅದೇ ಜನ, ಅದೇ ದೂರು. ಪಂಪು ನೀರೆತ್ತದಿದ್ದರೆ ಮೋಟಾರಿಗೆ ಪೈಂಟ್ ಬಳಿಯುವವರು ಯಾರಾದರೂ ಇದ್ದಾರಾ? ಮೊದಲು ಫುಟ್‌ವಾಲ್ವ್ ನೋಡುತ್ತೇವೆ, ಆಮೇಲೆ ಪೈಪು, ಕೊನೆಗೆ ಮೋಟಾರು. ಪಿಪಿಟಿಗೂ ಹಾಗೆ ಒಂದು ಕ್ರಮ ಬೇಕು ಅಂತ ತಲೆಗೆ ಹೋದದ್ದು ಒಂದು ಮೀಟಿಂಗಿನಲ್ಲಿ ಕೊನೆಯ ಸಾಲಿನಲ್ಲಿ ಕೂತು ನಾನೇ ಮಾಡಿಕೊಟ್ಟ ಸ್ಲೈಡ್ ನೋಡಿದಾಗ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದವರು ನನ್ನನ್ನೇ ಕೇಳಿದರು, "ಅದರಲ್ಲಿ ಎಂತ ಬರೆದದ್ದು?"

ಈಗ ಯಾರ ಫೈಲ್ ಬಂದರೂ ಕೊನೆಯ ಬೆಂಚಿನಲ್ಲಿ ಕೂತವನ ಹಾಗೆ ಮೂರು ಪ್ರಶ್ನೆ ಕೇಳುತ್ತೇನೆ. ಅಕ್ಷರ ಕಾಣುತ್ತದಾ? ಕಂಡದ್ದು ಅರ್ಥ ಆಗುತ್ತದಾ? ಅರ್ಥ ಆದದ್ದೂ ಮಾತಾಡುವವರು ಹೇಳಬೇಕೆಂದಿದ್ದದ್ದೂ ಒಂದೇನಾ? ಮೊದಲನೆಯದಕ್ಕೆ "ಇಲ್ಲ" ಅಂತ ಬಂದರೆ ದೋಷ ಕಂಪ್ಯೂಟರಿನಲ್ಲೋ ಹಾಲ್‌ನಲ್ಲೋ ಇದೆ. ಎರಡನೆಯದಕ್ಕೆ ಬಂದರೆ ಸ್ಲೈಡಿನಲ್ಲಿ. ಮೂರನೆಯದಕ್ಕೆ ಬಂದರೆ ಹೆಚ್ಚಾಗಿ ಮಾತಿನಲ್ಲಿ. ಈ ಕ್ರಮ ತಪ್ಪಿಸಬೇಡಿ. ಅಕ್ಷರವೇ ಕಾಣದ ಸ್ಲೈಡಿನ ವಿಷಯ ತಿದ್ದುತ್ತಾ ಕೂತರೆ ರಾತ್ರಿ ಹನ್ನೆರಡಾಗುತ್ತದೆ, ಅಷ್ಟೆ.

ಅಕ್ಷರವೇ ಬರುವುದಿಲ್ಲ

ಮನೆಯಲ್ಲಿ ಸರಿ ಇತ್ತು, ಹಾಲ್‌ನಲ್ಲಿ ತೆರೆದರೆ ತಲೆಗೆ ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು. ಇದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತಾಗುವ ದಾರಿಯೇ ಇಲ್ಲ. ಅಲ್ಲಿಯೇ ಫಾಂಟ್ ಹಾಕಿಬಿಡೋಣ ಅಂತ ಹೊರಡಬೇಡಿ, ಬೇರೆಯವರ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇರುತ್ತದೆ, ಅದು ಗೊತ್ತಿರುವವರು ಊಟಕ್ಕೆ ಹೋಗಿರುತ್ತಾರೆ. ಮನೆಯಲ್ಲೇ ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಗೆ) ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಕೆಡುವುದು ಅಲ್ಲಿಯೇ.

ಟೊಪ್ಪಿಯ ಬದಲು ಖಾಲಿ ಚೌಕಗಳು ಬಂದರೆ ಫೈಲ್ ಯೂನಿಕೋಡೇ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ.

ನಮ್ಮ ಕಡೆ ಜಾಸ್ತಿ ಕಾಣುವುದು ಮೂರನೆಯ ಬಗೆ. ಕೇರಳದ ಸರಕಾರಿ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಇರುವುದು ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೈಟ್ ಎಂಬ ಸರಕಾರಿ ಸಂಸ್ಥೆ ಕೊಟ್ಟ, ವಿಂಡೋಸ್ ಅಲ್ಲದ ಉಬುಂಟು ಆಧಾರಿತ ವ್ಯವಸ್ಥೆ, ಅದರಲ್ಲಿ ಸ್ಲೈಡಿಗೆ ಇರುವುದು ಲಿಬ್ರೆ ಆಫೀಸ್ ಇಂಪ್ರೆಸ್ ಎಂಬ ಉಚಿತ ತಂತ್ರಾಂಶ. ನೀವು ಮನೆಯಲ್ಲಿ ವಿಂಡೋಸ್‌ನ ಪವರ್‌ಪಾಯಿಂಟ್‌ನಲ್ಲಿ ನಿರ್ಮಲಾ ಫಾಂಟ್ ಹಾಕಿ ಮಾಡಿರುತ್ತೀರಿ. ಅಲ್ಲಿ ನಿರ್ಮಲಾ ಇಲ್ಲ. ಇಂಪ್ರೆಸ್ ಬೇರೆ ಯಾವುದೋ ಫಾಂಟ್ ಹಾಕಿಕೊಳ್ಳುತ್ತದೆ, ಅದರ ಅಗಲ ಬೇರೆ, ಎರಡು ಸಾಲಿನ ಶೀರ್ಷಿಕೆ ಮೂರು ಸಾಲಾಗಿ ಕೆಳಗಿನ ಫೋಟೋ ಮೇಲೆ ಹತ್ತಿ ಕೂರುತ್ತದೆ. ಇದಕ್ಕೆ ಎರಡು ಮದ್ದು. ಒಂದು, ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ಎರಡೂ ಕಡೆ ಮೊದಲೇ ಹಾಕಿಡುವುದು. ಎರಡು, ಪಿಡಿಎಫ್ ಕೂಡ ಮಾಡಿ ಅದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು. ಪಿಡಿಎಫ್‌ನಲ್ಲಿ ಅನಿಮೇಶನ್ ಹೋಗುತ್ತದೆ. ಹೋಗಲಿ.

ಇನ್ನೊಂದು ಸಣ್ಣದು, ಆದರೆ ಗೊತ್ತಿಲ್ಲದಿದ್ದರೆ ತಲೆ ತಿನ್ನುತ್ತದೆ. ಹೊಸ ಪವರ್‌ಪಾಯಿಂಟ್‌ನ ಮಾಮೂಲಿ ಟೆಂಪ್ಲೇಟಿನಲ್ಲಿ ಸಾಲುಗಳ ಅಂತರ 0.9 ಇರುತ್ತದೆ. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. "ರಾಷ್ಟ್ರ"ದ ಬಾಲ ಕೆಳಗಿನ ಸಾಲಿನ "ಕೀ"ಯ ತಲೆಗೆ ತಾಗುತ್ತದೆ, ದೂರದಿಂದ ನೋಡಿದವರಿಗೆ ಎರಡೂ ಒಂದೇ ಅಕ್ಷರದ ಹಾಗೆ ಕಾಣುತ್ತದೆ. 1.1 ಅಥವಾ 1.2 ಮಾಡಿ. ಅರ್ಧ ನಿಮಿಷದ ಕೆಲಸ.

ಧ್ವನಿ ಬರುವುದಿಲ್ಲ ಅಂತಾದರೆ ಸ್ಪೀಕರ್ ಬಿಚ್ಚಬೇಡಿ. ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಎಷ್ಟೋ ಲ್ಯಾಪ್‌ಟಾಪುಗಳು ಧ್ವನಿಯನ್ನೂ ಅದರಲ್ಲೇ ಪ್ರೊಜೆಕ್ಟರಿಗೆ ಕಳಿಸುತ್ತವೆ. ಕೆಳಗೆ ಮೂಲೆಯಲ್ಲಿರುವ ಸ್ಪೀಕರ್ ಚಿತ್ರ ಒತ್ತಿ ಧ್ವನಿ ಎಲ್ಲಿಗೆ ಹೋಗಬೇಕು ಅಂತ ಬದಲಿಸಿದರೆ ಮುಗಿಯಿತು. ಪರದೆಯಲ್ಲಿ ಚಿತ್ರವೇ ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ.

ಬರುತ್ತದೆ, ಆದರೆ ಕಾಣುವುದಿಲ್ಲ

ಪ್ರೊಜೆಕ್ಟರಿಗೆ ಕಪ್ಪು ಬೆಳಕು ಬಿಡಲು ಬರುವುದಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ, ಆದರೆ ಸ್ವಲ್ಪ ಯೋಚಿಸಿ. ಸ್ಲೈಡಿನಲ್ಲಿ ಕಪ್ಪು ಇರುವ ಕಡೆ ಪ್ರೊಜೆಕ್ಟರ್ ಸುಮ್ನೆ ಬೆಳಕು ತಡೆಯುತ್ತದೆ. ಅಲ್ಲಿ ಕಾಣುವುದು ಹಾಲ್‌ನ ಗೋಡೆಯ ಬಣ್ಣ. ಕಿಟಕಿ ತೆರೆದಿಟ್ಟ ಹಾಲ್‌ನಲ್ಲಿ ಹಗಲು ಹನ್ನೊಂದಕ್ಕೆ ಕಡುನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಹಾಕಿದರೆ ನೀಲಿಯೂ ಇಲ್ಲ ಹಳದಿಯೂ ಇಲ್ಲ, ತೊಳೆದ ಪಂಚೆಯ ಹಾಗೆ ಎಲ್ಲ ಮಾಸಲು. ಬೆಳಕಿರುವ ಜಾಗಕ್ಕೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಕತ್ತಲೆ ಮಾಡಲು ಆಗುವ ಕಡೆ ಮಾತ್ರ ಬೇರೆ ಆಟ. ಕೆಂಪು ಹಸಿರು ಎರಡನ್ನೇ ನಂಬಿ "ಕೆಂಪಿನಲ್ಲಿರುವುದು ತಪ್ಪು" ಅಂತ ಹೇಳುವುದನ್ನೂ ಬಿಡಿ, ಆ ಎರಡು ಬಣ್ಣಗಳ ವ್ಯತ್ಯಾಸ ಗೊತ್ತಾಗದವರು, ಅದರಲ್ಲೂ ಗಂಡಸರು, ಪ್ರತಿ ಊರಲ್ಲೂ ಇದ್ದಾರೆ.

ಹಳೆಯ ಪ್ರೊಜೆಕ್ಟರಾದರೆ ಅದರ ಚಿತ್ರ 4ಕ್ಕೆ 3ರ ಅಳತೆಯದ್ದು. ಈಗಿನ ಸ್ಲೈಡು 16ಕ್ಕೆ 9. ಅದನ್ನು ಇದರಲ್ಲಿ ಹಾಕಿದಾಗ ಮೇಲೆ ಕೆಳಗೆ ಪಟ್ಟಿ ಖಾಲಿ ಬಿದ್ದು ಎತ್ತರದ ಕಾಲುಭಾಗ ಹಾಳಾಗುತ್ತದೆ. ಸ್ಲೈಡ್ ಸೈಜ್ ಬದಲಿಸುವುದಿದ್ದರೆ ಮಾಡುವ ಮೊದಲೇ ಬದಲಿಸಿ. ಎಲ್ಲ ಮುಗಿದ ಮೇಲೆ ಬದಲಿಸಿದರೆ ಫೋಟೋದಲ್ಲಿರುವವರೆಲ್ಲ ಸೊರಗುತ್ತಾರೆ, ಇಲ್ಲ ಊದುತ್ತಾರೆ.

ಅಕ್ಷರದ ಗಾತ್ರ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ಸಂಖ್ಯೆ ಹೇಳುವುದಿಲ್ಲ, ಲೆಕ್ಕ ಹೇಳುತ್ತೇನೆ. ಹಾಲ್‌ನಲ್ಲಿ ಪರದೆಯ ಅಗಲ 2 ಮೀಟರ್, ಕೊನೆಯ ಸಾಲು 12 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಅಂದರೆ ಪರದೆಯ ಅಗಲದ ಆರು ಪಟ್ಟು ದೂರ. ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 34 ಸೆಂಟಿಮೀಟರ್ ಅಗಲ. ಅದರ ಆರು ಪಟ್ಟು ಎಂದರೆ 2 ಮೀಟರಿಗಿಂತ ಸ್ವಲ್ಪ ಜಾಸ್ತಿ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಅಷ್ಟು ಹಿಂದೆ ಹೋಗಿ ನಿಲ್ಲಿ. ಓದಲು ಆಗುತ್ತದಾ? ನಿಮಗಲ್ಲ, ಬರೆದವರಿಗೆ ಬಾಯಿಪಾಠ ಇರುತ್ತದೆ. ಮನೆಯಲ್ಲಿರುವ ಅತ್ತೆಯನ್ನೋ ಮಾವನನ್ನೋ ನಿಲ್ಲಿಸಿ ಓದಿಸಿ.

ಕಾಣುತ್ತದೆ, ತಲೆಗೆ ಹೋಗುವುದಿಲ್ಲ

ಇಲ್ಲಿಗೆ ಬಂದವರೇ ಜಾಸ್ತಿ. ಒಬ್ಬರು ಅಡಿಕೆ ಕೃಷಿಕರು, ನಲುವತ್ತು ವರ್ಷದ ಅನುಭವ. ಒಂದು ಸಂಘದವರು ಅವರನ್ನು ಕೊಳೆರೋಗದ ಬಗ್ಗೆ ಮಾತಾಡಲು ಕರೆದಿದ್ದರು. ಅವರ ಫೈಲಿನಲ್ಲಿ 22 ಸ್ಲೈಡು, ಪ್ರತಿಯೊಂದರಲ್ಲೂ ಹತ್ತು ಹದಿನಾಲ್ಕು ಸಾಲು. ಶೀರ್ಷಿಕೆಗಳು ಹೀಗೆ: "ಕೊಳೆರೋಗ", "ಕೊಳೆರೋಗದ ಲಕ್ಷಣಗಳು", "ಕೊಳೆರೋಗ - ನಿಯಂತ್ರಣ", "ನಿಯಂತ್ರಣ (ಮುಂದುವರಿದಿದೆ)". ಆ "ಮುಂದುವರಿದಿದೆ" ಕಂಡಾಗಲೆಲ್ಲ ನನಗೆ ಒಂದು ಚಾ ಕುಡಿಯಬೇಕು ಅನಿಸುತ್ತದೆ.

ಇಷ್ಟೆಲ್ಲ ಯಾಕೆ ಬರೆದಿರಿ ಅಂತ ಕೇಳಿದೆ. "ಮರೆತು ಹೋದರೆ?" ಅಂದರು. ರೋಗ ಅಲ್ಲಿ ಸಿಕ್ಕಿತು. ಅದು ಸಭೆಗೆ ಮಾಡಿದ ಸ್ಲೈಡ್ ಅಲ್ಲ, ಅವರ ನೆನಪಿಗೆ ಮಾಡಿಕೊಂಡ ಚೀಟಿ. ಅದನ್ನೇ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುವುದು ಅಷ್ಟೆ. ನನ್ನ ಅಂಗಡಿಗೆ ಬರುವ ಪಿಪಿಟಿಗಳಲ್ಲಿ ಹತ್ತಕ್ಕೆ ಏಳೆಂಟರ ಕಾಯಿಲೆ ಇದೇ, ಬಣ್ಣ ಬಾರ್ಡರಿನ ದೂರುಗಳನ್ನು ಕೆದಕಿದರೂ ಅಡಿಯಲ್ಲಿ ಇದೇ ಸಿಗುತ್ತದೆ. ಚೀಟಿ ಬೇಡ ಅಂತಲ್ಲ. ಸ್ಲೈಡಿನ ಕೆಳಗೆ ನೋಟ್ಸ್ ಅಂತ ಜಾಗ ಉಂಟು, ಪ್ರೆಸೆಂಟರ್ ವ್ಯೂ ಹಾಕಿದರೆ ಅದು ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ, ಪರದೆಯಲ್ಲಿ ಕಾಣುವುದಿಲ್ಲ. ಎಲ್ಲ ಸಾಲುಗಳನ್ನೂ ಅಲ್ಲಿಗೆ ಇಳಿಸಿದೆವು.

ಆಮೇಲೆ ಶೀರ್ಷಿಕೆ ಪರೀಕ್ಷೆ. ಇದನ್ನು ನೀವೂ ಮಾಡಿ, ಖರ್ಚಿಲ್ಲ. ಸ್ಲೈಡುಗಳ ಶೀರ್ಷಿಕೆಗಳನ್ನು ಮಾತ್ರ ಒಂದರ ಹಿಂದೆ ಒಂದು ಓದಿ. ಕಥೆ ಗೊತ್ತಾಗುತ್ತದಾ? "ಕೊಳೆರೋಗ, ಲಕ್ಷಣ, ನಿಯಂತ್ರಣ" ಅಂತ ಓದಿದರೆ ಪಾಠಪುಸ್ತಕದ ಪರಿವಿಡಿ ಓದಿದ ಹಾಗೆ. ಅದರ ಬದಲು "ಮಳೆ ಹಿಡಿಯುವ ಮೊದಲೇ ಮೊದಲ ಮದ್ದು ಬಿಡಬೇಕು" ಅಂತ ಒಂದು ಪೂರ್ತಿ ವಾಕ್ಯ ಹಾಕಿ, ಕೆಳಗೆ ಕೊಳೆತು ಉದುರಿದ ಅಡಿಕೆಯ ಒಂದು ದೊಡ್ಡ ಫೋಟೋ. ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವನಿಗೂ ವಿಷಯ ಮುಟ್ಟುತ್ತದೆ. ಶೀರ್ಷಿಕೆ ಹೇಳಿಕೆಯಾಗಿರಬೇಕು, ಕೆಳಗೆ ಇರುವುದು ಅದಕ್ಕೆ ಸಾಕ್ಷಿಯಾಗಿರಬೇಕು. ಸಾಕ್ಷಿ ಇಲ್ಲದ ಸ್ಲೈಡ್ ಇದ್ದರೆ ಅದನ್ನು ಬಾಯಲ್ಲೇ ಹೇಳಬಹುದು, ಸ್ಲೈಡ್ ಯಾಕೆ?

ಹಾಗಂತ ಎಲ್ಲವನ್ನೂ ಅಳಿಸಬಾರದು. ಕೊಳೆರೋಗಕ್ಕೆ ಬಿಡುವ ಮದ್ದಾದ ಬೋರ್ಡೋ ದ್ರಾವಣದ ಅಳತೆಯನ್ನು ಅವರು ಬಾಯಲ್ಲಿ ಹೇಳುತ್ತೇನೆ ಅಂದರು, ನಾನು ಬಿಡಲಿಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಸುಣ್ಣವನ್ನು ತುತ್ತಿಗೆ ಅಲ್ಲ. ಇಂಥ ಅಳತೆ ಮತ್ತು ಕ್ರಮ ಸ್ಲೈಡಿನಲ್ಲೇ ಇರಬೇಕು, ಜನ ಮೊಬೈಲ್ ಎತ್ತಿ ಫೋಟೋ ಹೊಡೆಯುವುದು ಅದನ್ನೇ. ಎರಡು ಡ್ರಮ್ಮಿನ ಚಿತ್ರ, ನಡುವೆ ಒಂದು ಬಾಣ, ಮೂರು ಸಂಖ್ಯೆ. 22 ಸ್ಲೈಡು 9 ಆಯಿತು.

ಒಂದು ಸ್ಲೈಡಿಗೆ ಆರೇ ಸಾಲು, ಸಾಲಿಗೆ ಆರೇ ಪದ ಅಂತ ಒಂದು ನಿಯಮ ಎಲ್ಲ ಕಡೆ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆರು ಸಾಲಿನ ಕಸವೂ ಕಸವೇ.

ಚಾರ್ಟುಗಳಲ್ಲೂ ತಪ್ಪು ಹೀಗೆಯೇ ಅಡಗಿರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸಪ್ಟೆಂಬರಿನೊಳಗೆ. ಒಬ್ಬ ವಿದ್ಯಾರ್ಥಿ ಹನ್ನೆರಡು ತಿಂಗಳ ಮಳೆಯನ್ನು ಮೂರು ಆಯಾಮದ ಪೈ ಚಾರ್ಟಿನಲ್ಲಿ ಹಾಕಿದ್ದ. ಜನವರಿಯ ತುಂಡು ಗೆರೆಯಷ್ಟು ತೆಳ್ಳಗೆ, ಓರೆ ಮಾಡಿದ್ದರಿಂದ ಮುಂದಿರುವ ತುಂಡು ಹಿಂದಿನದಕ್ಕಿಂತ ದಪ್ಪ ಕಾಣುತ್ತಿತ್ತು. ಬಣ್ಣ ಹನ್ನೆರಡು, ಅದನ್ನು ಬಿಡಿಸಿ ಹೇಳುವ ಪಟ್ಟಿ ಇನ್ನೊಂದು ಮೂಲೆಯಲ್ಲಿ. ಅದೇ ಸಂಖ್ಯೆಗಳನ್ನು ಹನ್ನೆರಡು ಕಂಬ ಮಾಡಿ ನಿಲ್ಲಿಸಿದಾಗ ನಡುವೆ ಗುಡ್ಡ ಎದ್ದಿತು. ನಮ್ಮ ಮಳೆಗಾಲ ಹಾಗೆಯೇ ತಾನೇ ಇರುವುದು.

ಮುಖ್ಯವಾದದ್ದು ಅಡಿಯಲ್ಲಿ ಹೂತು ಹೋಗುವ ದೋಷದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಬರೇ ಬೋರಿನ ಪ್ರಶ್ನೆ ಅಲ್ಲ. 2003ರ ಜನವರಿ 16ರಂದು ಅಮೆರಿಕದ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹೊರಟಾಗ ಇಂಧನ ಟ್ಯಾಂಕಿನಿಂದ ನೊರೆಯಂಥ ಹೊದಿಕೆಯ ತುಂಡೊಂದು ಕಳಚಿ ರೆಕ್ಕೆಗೆ ಬಡಿದಿತ್ತು. ನೌಕೆ ಮೇಲೆ ಸುತ್ತುತ್ತಿರುವಾಗಲೇ ಎಂಜಿನಿಯರುಗಳು ಅಪಾಯ ಎಷ್ಟು ಅಂತ ಲೆಕ್ಕ ಹಾಕಿ ಸ್ಲೈಡುಗಳಲ್ಲಿ ಮೇಲಿನವರಿಗೆ ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ಶೀರ್ಷಿಕೆ ಓದಿದರೆ ಹೆದರಿಕೆ ಇಲ್ಲ ಅನ್ನುವ ಭಾವನೆ ಬರುತ್ತದೆ. ಅದೇ ಸ್ಲೈಡಿನ ತೀರಾ ಕೆಳಗೆ, ಚುಕ್ಕಿ ಹಾಕಿದ ಸಾಲಿನೊಳಗಿನ ಸಣ್ಣ ಸಾಲಿನಲ್ಲಿ, ಬಡಿದ ತುಂಡು ಸುಮಾರು 1920 ಘನ ಇಂಚು, ಹಿಂದಿನ ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು ಅಂತ ಇತ್ತು. 640 ಪಟ್ಟು ವ್ಯತ್ಯಾಸ! ಅಂದರೆ ಆ ಪರೀಕ್ಷೆಯನ್ನು ನಂಬಿ ಏನೂ ಹೇಳುವ ಹಾಗಿರಲಿಲ್ಲ. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಒಡೆಯಿತು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಸ್ಲೈಡಿನಿಂದಲೇ ಅಪಘಾತ ಆಯಿತು ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಸರಿಯಾದ ತಾಂತ್ರಿಕ ವರದಿಯ ಬದಲು ಪವರ್‌ಪಾಯಿಂಟ್ ಸ್ಲೈಡುಗಳನ್ನೇ ನೆಚ್ಚಿಕೊಂಡದ್ದನ್ನು ಬಿಡಿಸಿ ಟೀಕಿಸಿತು.

ಹಾಗಾಗಿ ನಾನು ಮಾಡುವ ತಪಾಸಣೆ ಇಷ್ಟು. ಪ್ರತಿ ಸ್ಲೈಡಿನ ಅತಿ ಸಣ್ಣ ಅಕ್ಷರದ ಸಾಲನ್ನು ಮೊದಲು ಓದುತ್ತೇನೆ. ಅದು ಶೀರ್ಷಿಕೆಗೆ ವಿರುದ್ಧ ಹೇಳುತ್ತದಾ? ಹೇಳಿದರೆ ಅದೇ ಶೀರ್ಷಿಕೆ ಆಗಬೇಕು. ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಯ ಸ್ಲೈಡುಗಳಲ್ಲಿ ಹೀಗೆ ಓದಿದರೆ ತಮಾಷೆ ಸಿಗುತ್ತದೆ. ಜಾಸ್ತಿ ಹೇಳುವುದಿಲ್ಲ, ಅವರೂ ನನ್ನ ಗಿರಾಕಿಗಳು.

ಎರಡು ಭಾಷೆಯ ಕಾಯಿಲೆ

ಇದು ಗಡಿನಾಡಿನವರಿಗೆ ಮಾತ್ರ. ಸಭೆಯಲ್ಲಿ ಅರ್ಧ ಜನ ಕನ್ನಡ ಓದುವವರು, ಅರ್ಧ ಮಲಯಾಳ. ಹಾಗಾಗಿ ಮೇಲೆ ಕನ್ನಡ, ಕೆಳಗೆ ಅದೇ ವಾಕ್ಯ ಮಲಯಾಳದಲ್ಲಿ. ಅಕ್ಷರ ಎರಡು ಪಟ್ಟು, ಗಾತ್ರ ಅರ್ಧ. ಎರಡೂ ಓದಲು ಬರುವವರು, ನಮ್ಮಲ್ಲಿ ಅವರೂ ಬೇಕಾದಷ್ಟು, ಸರಿಯಾಗಿ ಅನುವಾದ ಆಗಿದೆಯಾ ಅಂತ ತಾಳೆ ನೋಡುತ್ತಾ ಕೂರುತ್ತಾರೆ. ಮಾತು ಯಾರು ಕೇಳುತ್ತಾರೆ?

ನಾನು ಕಂಡುಕೊಂಡ ದಾರಿ: ಶೀರ್ಷಿಕೆ ಮಾತ್ರ ಎರಡರಲ್ಲೂ, ಅದೂ ನಾಲ್ಕೈದು ಪದ ಮೀರದೆ. ಒಳಗೆ ಚಿತ್ರ ಮತ್ತು ಸಂಖ್ಯೆ. ವಿವರ ಬೇಕಾದವರಿಗೆ ಎರಡು ಭಾಷೆಯಲ್ಲಿ ಬೇರೆ ಬೇರೆ ಹಾಳೆ ಮುದ್ರಿಸಿ ಕೊಡಿ (ಇದರಲ್ಲಿ ನನಗೆ ಲಾಭ ಉಂಟು, ಆದರೂ ಹೇಳಿದೆ). ಮಾತು ಮಲಯಾಳದಲ್ಲಾದರೆ ಸ್ಲೈಡಿನಲ್ಲಿ ಕನ್ನಡ ಮೇಲಿರಲಿ, ಮಾತು ಕನ್ನಡವಾದರೆ ಮಲಯಾಳ ಮೇಲಿರಲಿ. ಮಾತು ತುಳುವಿನಲ್ಲಾದರೆ ಇಬ್ಬರಿಗೂ ಸಮ.

ಸ್ಲೈಡ್ ಸರಿ ಉಂಟು, ಜನ ಮೊಬೈಲ್ ನೋಡುತ್ತಾರೆ

ಇಲ್ಲಿಗೆ ಬಂದರೆ ದೋಷ ಪರದೆಯ ಪಕ್ಕದಲ್ಲಿ ನಿಂತಿದೆ. ಹೇಳುವುದು ಕಷ್ಟ, ಆದರೂ ಹೇಳಬೇಕು.

ಸ್ಲೈಡಿನಲ್ಲಿದ್ದದ್ದನ್ನೇ ಅಕ್ಷರಶಃ ಓದುವುದು ಮೊದಲ ಲಕ್ಷಣ. ಜನ ಕಣ್ಣಲ್ಲಿ ಓದುವುದು ನೀವು ಬಾಯಲ್ಲಿ ಓದುವುದಕ್ಕಿಂತ ಬೇಗ, ಅವರು ಮುಗಿಸಿ ನಿಮಗೆ ಕಾಯುತ್ತಾರೆ. ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಕಲಿಕೆಯ ಮೇಲೆ ಬಹಳ ವರ್ಷ ಪ್ರಯೋಗ ಮಾಡಿದವರು. ಚಿತ್ರ ಮತ್ತು ಮಾತು ಒಟ್ಟಿಗೆ ಇದ್ದರೆ ಜನ ಚೆನ್ನಾಗಿ ಕಲಿಯುತ್ತಾರೆ, ಆ ಮಾತನ್ನೇ ಬರಹದಲ್ಲೂ ಸೇರಿಸಿದರೆ ಕಲಿಕೆ ಕುಗ್ಗುತ್ತದೆ ಅನ್ನುವುದು ಅವರಿಗೆ ಕಂಡ ಫಲಿತಾಂಶ. ಪರೀಕ್ಷಿಸುವುದು ಸುಲಭ. ಲ್ಯಾಪ್‌ಟಾಪ್ ಮುಚ್ಚಿ, ಒಂದು ಸ್ಲೈಡಿನ ವಿಷಯವನ್ನು ಚಾ ಅಂಗಡಿಯಲ್ಲಿ ಹೇಳುವ ಹಾಗೆ ಒಂದು ನಿಮಿಷ ಹೇಳಿ. ಹೇಳಲು ಬರದಿದ್ದರೆ ಆ ಸ್ಲೈಡನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ.

ಎರಡನೆಯದು, ಮಾತು ಒಂದು ಕಡೆ, ಸ್ಲೈಡ್ ಇನ್ನೊಂದು ಕಡೆ. ಉಪಕಥೆ ಶುರು ಮಾಡಿದಿರಿ, ಹಿಂದೆ ಹಳೆಯ ಸ್ಲೈಡು ಹಾಗೆಯೇ ಉರಿಯುತ್ತಿದೆ. ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನ ಬಿ ಒತ್ತಿ, ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣು ನಿಮ್ಮ ಕಡೆ ಬರುತ್ತದೆ. ಮತ್ತೆ ಒತ್ತಿದರೆ ವಾಪಸ್. ನಡುವೆ ನಿಂತುಹೋದರೆ ಎಫ್5 ಒತ್ತಿ ಮೊದಲಿನಿಂದ ಓಡಿಸಬೇಡಿ, ಶಿಫ್ಟ್ ಜೊತೆ ಎಫ್5 ಒತ್ತಿದರೆ ನಿಂತಲ್ಲಿಂದಲೇ ಶುರುವಾಗುತ್ತದೆ.

ಸರಿ ಆಯಿತಾ ಅಂತ ಹೇಗೆ ಗೊತ್ತು?

"ಹೇಗಿತ್ತು?" ಅಂತ ಕೇಳಬೇಡಿ. ನಮ್ಮ ಊರಲ್ಲಿ ಅದಕ್ಕೆ ಒಂದೇ ಉತ್ತರ, "ಲಾಯ್ಕಿತ್ತು". ಮೂರು ಜನರನ್ನು ಹಿಡಿದು "ನಾನು ಎಂತ ಹೇಳಿದೆ?" ಅಂತ ಕೇಳಿ. ಮೂವರೂ ಒಂದೇ ಹೇಳಿದರೆ, ಅದೂ ನೀವು ಹೇಳಬೇಕೆಂದಿದ್ದದ್ದೇ ಆದರೆ, ಫೈಲನ್ನು ಮುಟ್ಟಬೇಡಿ. ಮೂವರು ಮೂರು ಹೇಳಿದರೆ ನಿಮ್ಮಲ್ಲಿ ಮೂರು ಭಾಷಣ ಇತ್ತು. ಮೂವರೂ ಅನಿಮೇಶನ್ ಬಗ್ಗೆ ಹೇಳಿದರೆ ಅನಿಮೇಶನ್ ತೆಗೆಯಿರಿ.

ಮಾರ್ಕು ಹಾಕುವ ಮೇಷ್ಟ್ರು, ಟೀಚರ್‌ಗಳಿಗೂ ಒಂದು ಮಾತು. ಒಬ್ಬಳು ಹುಡುಗಿ ಸುರಂಗದ ಬಗ್ಗೆ ಸೆಮಿನಾರ್ ಕೊಟ್ಟಳು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ಪಂಪಿಲ್ಲದೆ ನೀರು ಹರಿಸಿಕೊಳ್ಳುವ ನಮ್ಮ ಕಡೆಯ ಸುರಂಗ. ಅವಳ ಅಜ್ಜ ಕಾಗದದಲ್ಲಿ ಗುಡ್ಡದ ಅಡ್ಡಸೀಳು ಬಿಡಿಸಿ ನೀರು ಎಲ್ಲಿಂದ ಒಸರುತ್ತದೆ ಅಂತ ತೋರಿಸಿದ್ದರು, ಅದರ ಫೋಟೋವೇ ಅವಳ ಮುಖ್ಯ ಸ್ಲೈಡ್. ಕೇಳಿದವರಿಗೆಲ್ಲ ಅರ್ಥ ಆಯಿತು. ಮಾರ್ಕು ಮಾತ್ರ ಕಮ್ಮಿ, ಯಾಕೆಂದರೆ ಮಾರ್ಕಿನ ಪಟ್ಟಿಯಲ್ಲಿ "ಅನಿಮೇಶನ್ ಬಳಕೆ" ಅಂತ ಒಂದು ಕಾಲಂ ಇತ್ತು, "ಅರ್ಥ ಆಯಿತಾ" ಅನ್ನುವ ಕಾಲಂ ಇರಲಿಲ್ಲ. ಪಟ್ಟಿಯೇ ಕೆಟ್ಟಿದ್ದರೆ ಮಕ್ಕಳು ಅದಕ್ಕೆ ತಕ್ಕ ಹಾಗೆ ಕೆಟ್ಟ ಸ್ಲೈಡನ್ನೇ ಕಲಿಯುತ್ತಾರೆ. ಆ ಕಾಲಂ ತೆಗೆದು, ಕೇಳಿದ ಮಕ್ಕಳಿಂದ ಒಂದು ವಾಕ್ಯ ಬರೆಸಿ ನೋಡಿ, ಮಾರ್ಕು ಹಾಕಲು ಅದೇ ಸಾಕು.

ಕರೆಂಟು

ಜೂನ್ ಜುಲೈಯಲ್ಲಿ ಕಾರ್ಯಕ್ರಮ ಇದ್ದರೆ ಇದನ್ನು ಬಿಡುವ ಹಾಗಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ಪ್ರೊಜೆಕ್ಟರಿಗೆ ಇಲ್ಲ. ದೀಪ ಇರುವ ಹಳೆಯ ಪ್ರೊಜೆಕ್ಟರಾದರೆ ಕರೆಂಟು ವಾಪಸ್ ಬಂದ ಕೂಡಲೇ ಹೊತ್ತಿಕೊಳ್ಳುವುದಿಲ್ಲ, ಬಿಸಿಯಾದ ದೀಪ ತಣಿಯಬೇಕು, ಅದಕ್ಕೆ ಕೆಲವು ನಿಮಿಷ. ಸ್ವಿಚ್ಚನ್ನು ಒತ್ತುತ್ತಾ ಇರಬೇಡಿ, ಕೆಟ್ಟಿಲ್ಲ ಅದು. ಅಷ್ಟು ಹೊತ್ತಿಗೆ ಬೇಕಾಗುವ ಒಂದೇ ಒಂದು ಸ್ಲೈಡ್ ಯಾವುದು ಅಂತ ಹಿಂದಿನ ದಿನವೇ ಆರಿಸಿ, ಎ4 ಹಾಳೆಯಲ್ಲಿ ಹತ್ತಿಪ್ಪತ್ತು ಪ್ರತಿ ಮುದ್ರಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಕೊನೆಯ ಬೆಂಚಿನಿಂದ ಹಂಚಲು ಶುರು ಮಾಡಿ.